ಡಂಗುರದವನ ಮುಚ್ಚಳಿಕೆ

ನನ್ನ ಕೈಬರಹ ಚೆಂದ. ಜಂಬಕ್ಕೆ ಹೇಳುತ್ತಿಲ್ಲ. ಒಬ್ಬ ಮನುಷ್ಯ ಒಂದು ವರ್ಷ ಊರಲ್ಲಿ ಗಟ್ಟಿಯಾಗಿ ಬಾಯಿ ಬಿಡಬಾರದು ಎಂಬ ಮುಚ್ಚಳಿಕೆ ನನ್ನ ಕೈಬರಹದಲ್ಲಿದೆ. ಒಂದು ಕಾಟು ಇಲ್ಲ, ಒಂದು ಸಾಲು ಸೊಟ್ಟಗಿಲ್ಲ. ಕೆಳಗೆ ಅವನ ಹೆಬ್ಬೆಟ್ಟು. ಆ ಕಾಗದ ಈಗ ಯಾವ ದಫ್ತರದಲ್ಲಿ ಗೆದ್ದಲು ಹಿಡಿದಿದೆಯೋ ನನಗೆ ಗೊತ್ತಿಲ್ಲ. ನಮ್ಮ ಮನೆಯ ಮೊಮ್ಮಕ್ಕಳು ಶಾಲೆಯಲ್ಲಿ "ನಮ್ಮ ಮುತ್ಯಾ ಸ್ವಾತಂತ್ರ್ಯಕ್ಕಾಗಿ ಹೋರಾಡ್ಯಾನ" ಎಂದು ಹೇಳಿಕೊಂಡು ಬರುತ್ತವೆ. ಅವಕ್ಕೆ ಹೊಡೆಯಬೇಕೆನಿಸುತ್ತದೆ. ಹೊಡೆಯಬೇಕಾದದ್ದು ಅವಕ್ಕಲ್ಲ ಎಂದು ಗೊತ್ತಿದ್ದರಿಂದ ಸುಮ್ಮನಿರುತ್ತೇನೆ.

ನನ್ನ ಹೋರಾಟ ಎಷ್ಟಿತ್ತೆಂದು ಮೊದಲೇ ಹೇಳಿಬಿಡುತ್ತೇನೆ. ಅಪ್ಪನದು ಯಾದಗಿರಿ ಸ್ಟೇಷನ್ನಿನ ಹತ್ತಿರ ಎಲೆ ಅಡಿಕೆ ಅಂಗಡಿ. ನಾನು ಓದಿದ್ದು ಉರ್ದು ಶಾಲೆಯಲ್ಲಿ, ಕನ್ನಡ ಕಲಿತದ್ದು ಮನೆಯಲ್ಲಿ ಅವ್ವನ ಹತ್ತಿರ. ನಿಜಾಮನ ಕೊನೆಯ ದಿನಗಳಲ್ಲಿ ನಾಲ್ಕು ಜನ ಸೇರಿ ಸಭೆ ಮಾಡಬೇಕಾದರೂ ಪರವಾನಗಿ ಬೇಕಿತ್ತು, ಗುಡಿಯಲ್ಲಿ ಪುರಾಣ ಓದಿಸಲೂ ಬೇಕಿತ್ತು. ಗಡಿಯಾಚೆಯಿಂದ ಬರುತ್ತಿದ್ದ ಕನ್ನಡ ಕರಪತ್ರಗಳನ್ನು ಎಲೆಯ ಪೆಂಡಿಯೊಳಗೆ ಇಟ್ಟು ಶಹಾಪುರಕ್ಕೆ ಒಯ್ದುಕೊಡುವುದು ನನ್ನ ಕೆಲಸವಾಗಿತ್ತು. ಒಂದು ಸಲ ನಾಕಾದಲ್ಲಿ ಪೊಲೀಸಿನವ ಪೆಂಡಿಗೆ ಕೈ ಹಾಕಿದ. ನನಗೆ ಧೋತರ ಒದ್ದೆಯಾಯಿತು. ಅವ ಮೇಲಿನ ಹತ್ತು ಎಲೆ ತೆಗೆದುಕೊಂಡು, ಸುಣ್ಣ ಕೇಳಿ, ಹೋಗು ಅಂದ. ನನ್ನ ಸ್ವಾತಂತ್ರ್ಯ ಹೋರಾಟ ಇಷ್ಟೇ.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಮುಗಿದ ಮೇಲೆ ಕನ್ನಡ, ಉರ್ದು ಎರಡೂ ಬರೆಯಬಲ್ಲ ಹುಡುಗರಿಗೆ ಬೆಲೆ ಬಂತು. ಶಹಾಪುರ ಸುರಪುರಗಳ ನಡುವಿನ ಒಂದು ದೊಡ್ಡ ಊರಿನ ಚಾವಡಿಯಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕಿತು. ಊರಿನ ಹೆಸರು ಬೇಡ. ನನಗಾಗ ಇಪ್ಪತ್ತೆರಡು ವರ್ಷ. ಹನುಮಪ್ಪನ ಗುಡಿಯ ಹಿಂದೆ ಒಂದು ಕೋಣೆ ಹಿಡಿದಿದ್ದೆ. ಚಾವಡಿಯಲ್ಲಿ ಇಬ್ಬರು ದೊಡ್ಡವರು: ಊರ ಗೌಡರು, ಮತ್ತು ಲೆಕ್ಕಪತ್ರ ನೋಡುವ ಕುಲಕರ್ಣಿ. ಸರ್ಕಾರ ಬದಲಾಗಿತ್ತು, ಅವರು ಕೂಡುವ ಜಮಖಾನೆ ಬದಲಾಗಿರಲಿಲ್ಲ.

ನಮ್ಮ ಚಾವಡಿಯ ಹುಕುಮುಗಳನ್ನು ಊರಿಗೆ ತಿಳಿಸುತ್ತಿದ್ದವ ಊರ ಹೊರಗಿನ ಕೇರಿಯ ಒಬ್ಬ ಮನುಷ್ಯ. ಐವತ್ತು ದಾಟಿದವ, ಒಣಕಲು ಆಳು, ಹೆಗಲಿಗೆ ಚರ್ಮದ ಹಲಗಿ. ಡಂಗುರ ಸಾರುವುದು ಅವನ ಮನೆತನದ ಕಸುಬು. ಸರ್ಕಾರದ ಹುಕುಂ ಅಷ್ಟೇ ಅಲ್ಲ, ಕಳೆದ ಎಮ್ಮೆ, ಸತ್ತ ಸುದ್ದಿ, ಸಂತೆಗೆ ಬಂದ ಭೀಮಾ ಹೊಳೆಯ ಮೀನು, ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಊರ ಬಾಗಿಲಾದ ಅಗಸಿಯಲ್ಲಿ ನಿಂತು ಕೂಗಿದರೆ ಕೇರಿಯ ಕೊನೆಯ ಗುಡಿಸಲಿಗೆ ಕೇಳುತ್ತಿತ್ತು. ಓದು ಬರಹ ಇಲ್ಲ. ಅದಕ್ಕೆ ಒಂದು ಕಟ್ಟಳೆ ಇಟ್ಟುಕೊಂಡಿದ್ದ. ಚಾವಡಿ ಕಟ್ಟೆಯ ಕೆಳಗೆ ನಿಂತು ನಾನು ಓದಿದ್ದನ್ನು ಕೇಳಿಸಿಕೊಂಡು, ಮೂರು ಸಲ ತಿರುಗಿ ಹೇಳಿ ಒಪ್ಪಿಸಿ, ಆಮೇಲೆಯೇ ಹಲಗಿಗೆ ಕೈ ಹಾಕುವನು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅವನಪ್ಪನೂ ಹಾಗೇ ಮಾಡುತ್ತಿದ್ದನಂತೆ.

ನಾನು ಅವನನ್ನು ಕಾಕಾ ಎಂದು ಕರೆಯುತ್ತಿದ್ದೆ. ಓಣಿಯಲ್ಲಿ, ಹೊಲದ ದಾರಿಯಲ್ಲಿ, ನನ್ನ ಕೋಣೆಯ ಮುಂದೆ. ಚಾವಡಿಯಲ್ಲಿ ಗೌಡರು ಕೂತಿದ್ದಾಗ ಏನೂ ಕರೆಯುತ್ತಿರಲಿಲ್ಲ, "ಏ, ಇಲ್ಲಿ ಬಾ" ಅಷ್ಟೇ. ಅವನು ಎರಡಕ್ಕೂ ಒಂದೇ ರೀತಿ ಬರುತ್ತಿದ್ದ.

ಸಂವಿಧಾನ ಜಾರಿಯಾದ ವರ್ಷ ತಾಲೂಕಿನಿಂದ ಒಂದು ಹುಕುಂ ಬಂತು. ಅಸ್ಪೃಶ್ಯತೆ ಕಾನೂನಿನಿಂದ ರದ್ದಾಗಿದೆ, ಊರಿನ ಸಾರ್ವಜನಿಕ ಬಾವಿಗಳು ಎಲ್ಲ ಜಾತಿಯವರಿಗೂ ಮುಕ್ತ, ತಡೆದವರಿಗೆ ಶಿಕ್ಷೆ, ಇದನ್ನು ಎಲ್ಲ ಓಣಿಗಳಲ್ಲಿ ಡಂಗುರ ಸಾರಿಸತಕ್ಕದ್ದು. ಉರ್ದುವಿನಲ್ಲಿತ್ತು, ನಾನು ಕನ್ನಡಕ್ಕೆ ಇಳಿಸಿದೆ. ಬರೆಯುವಾಗ ನನಗೆ ಮೈ ಝುಂ ಎಂದಿತು. ಆ ಊರಲ್ಲಿ ಸಿಹಿನೀರಿನ ಸಾರ್ವಜನಿಕ ಬಾವಿ ಎಂದರೆ ಅಗಸಿ ಬಾವಿ ಒಂದೇ. ಕೇರಿಯ ಹೆಂಗಸರು ಅದರ ಕಟ್ಟೆಗೆ ಹತ್ತು ಹೆಜ್ಜೆ ದೂರದಲ್ಲಿ ಕೊಡ ಇಟ್ಟುಕೊಂಡು ನಿಲ್ಲಬೇಕು, ಯಾರಾದರೂ ಮನಸ್ಸು ಮಾಡಿ ಮೇಲಿಂದ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನದವರೆಗೂ ನಿಂತದ್ದನ್ನು ನಾನು ಕಂಡಿದ್ದೇನೆ.

"ಕೇರ್ಯಾಗ ಒಂದ್ ಸುತ್ತ ಹಾಕ್ಸಿಬಿಡಪಾ. ಸಂಬಂಧಪಟ್ಟೋರಿಗಿ ತಿಳಿದ್ರ ಸಾಕು," ಎಂದರು ಕುಲಕರ್ಣಿ.

"ಎಲ್ಲಾ ಓಣ್ಯಾಗ ಸಾರಸ್ಬೇಕು ಅಂತ ಬರದಾರ್ರಿ," ಎಂದೆ ನಾನು. ಆವತ್ತು ನನಗೆ ಧೈರ್ಯ ಇತ್ತು. ಕಾಗದ ಕೈಯಲ್ಲಿದ್ದಾಗ ನನಗೆ ಯಾವಾಗಲೂ ಧೈರ್ಯ ಇರುತ್ತದೆ.

ಗೌಡರು ಅಡಕೊತ್ತಿನಿಂದ ಕಣ್ಣೆತ್ತದೆ ನಕ್ಕರು. "ಸಾರ್ಲಿ ಬಿಡ್ರಿ. ನಿಜಾಮನ ಕಾಲದಾಗ ಎಷ್ಟ್ ಹುಕುಂ ಸಾರಿಲ್ಲ? ಹುಕುಂ ಬರ್ತಾವು, ಹೋಗ್ತಾವು. ಬಾವಿ ಎಲ್ಲಿಗಿ ಹೋಗ್ತದ?"

ಡಂಗುರದವನನ್ನು ಕರೆಸಿ ಓದಿ ಹೇಳಿದೆ. ಮೂರು ಸಲ ಒಪ್ಪಿಸಿದ. ಮರುದಿನ ಮುಂಜಾನೆ ಸಾರುವುದೆಂದು ಗೊತ್ತಾಯಿತು.

ಅದೇ ದಿನ ಹೊತ್ತು ಇಳಿಯುವಾಗ ಅವನು ನನ್ನ ಕೋಣೆಯ ಮುಂದೆ ಬಂದು ಗೋಡೆಗೆ ಒತ್ತಿ ನಿಂತ. ಕೂಡು ಅಂದರೆ ಕೂಡಲಿಲ್ಲ.

"ಎಪ್ಪಾ, ಒಂದ್ ಕೇಳಬೇಕಿತ್ರಿ. ಹುಕುಂ ಸಾರ್ತೀನಿ. ಅದರ ಹಿಂದ ನಂದೊಂದ್ ಮಾತ ಸೇರ್ಸಿದ್ರ ನಡೀತದೇನ್ರಿ?"

"ಏನ್ ಮಾತು?"

"ನಾಳಿದ್ದು ಮುಂಜಾನಿ ನನ್ನ ಹೇಂತಿ ಕೊಡ ತಗೊಂಡು ಅಗಸಿ ಬಾವಿಗಿ ಬರ್ತಾಳ ಅಂತ."

ನನಗೆ ಅರ್ಥವಾಗಲಿಲ್ಲ. ಬರುವುದಾದರೆ ಬರಲಿ, ಅದನ್ನು ಸಾರುವುದೇಕೆ, ಸುಮ್ಮನೆ ಬಂದು ತುಂಬಿಕೊಂಡು ಹೋಗಬಾರದೇ ಎಂದು ಕೇಳಿದೆ.

"ಸುಮ್ನ ಹೋದ್ರ ಕದ್ದು ಹೋದಂಗ ಆಗ್ತದ್ರಿ," ಎಂದ. "ನಮ್ದೂ ಹಕ್ಕದ ಅಂತ ನೀವು ಬರದೀರಿ. ಹಕ್ಕಿದ್ದೋರು ಹೇಳಿ ಹೋಗ್ಬೇಕಲ್ರಿ."

ಅಯ್ಯೋ, ಆಗ ನಾನು ಮಾಡಿದ ಭಾಷಣ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸ್ವರಾಜ್ಯ ಬಂದಿದೆ, ಮಾತಾಡುವ ಹಕ್ಕು ಎಲ್ಲರಿಗೂ ಇದೆ, ದೊಡ್ಡ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಯಾರ ಪರವಾನಗಿಯೂ ಬೇಡ. "ಬಾಯಿ ನಿಂದು ಕಾಕಾ, ಮಾತೂ ನಿಂದು. ಧೈರ್ಯದಿಂದ ಹೇಳು" ಎಂದೆ.

ಅವನು ಕೇಳಿದ: "ಯಾರರ ಕೇಳಿದ್ರ?"

"ಗುಮಾಸ್ತ ಹೇಳ್ಯಾನ ಅಂತ ಹೇಳು. ನಾ ಅದೀನಿ."

ಹೋಗುವಾಗ ಅವನು ನಗುತ್ತಿದ್ದ. ಅವನ ನಗು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ನಾನೂ ಅವನ ಹಿಂದೆ ಹೋದೆ. ಅಗಸಿ ಬಾವಿಯ ಮುಂದೆ ನಿಂತು ಹಲಗಿ ಮೂರು ಸಲ ಬಡಿದ. ಸರ್ಕಾರದ ಹುಕುಂ ಸಾರಿದ. ಯಾರೂ ತಲೆ ಎತ್ತಲಿಲ್ಲ. ಬಾವಿಗೆ ಇಳಿಯುವ ಪಾವಟಿಗೆಯ ಮೇಲೆ ಕೊಡ ತಿಕ್ಕುತ್ತಿದ್ದ ಹೆಂಗಸರು ತಿಕ್ಕುತ್ತಲೇ ಇದ್ದರು, ಕಟ್ಟೆಯ ಮೇಲಿನ ಗಂಡಸರು ಬೀಡಿ ಸೇದುತ್ತಲೇ ಇದ್ದರು. ಬಾವಿ ಎಲ್ಲರದು, ಕಾನೂನು ಬಂದಿದೆ, ಶಿಕ್ಷೆ ಇದೆ, ಎಲ್ಲ ಕೇಳಿ ಒಬ್ಬ ಆಕಳಿಸಿದ. ಆಮೇಲೆ ಡಂಗುರದವ ಇನ್ನೊಮ್ಮೆ ಹಲಗಿ ಬಡಿದು ಅದೇ ದನಿಯಲ್ಲಿ ಹೇಳಿದ: "ನಾಳಿ ಮುಂಜಾನಿ ನನ್ನ ಹೇಂತಿ ಕೊಡ ತಗೊಂಡು ಈ ಬಾವಿಗಿ ಬರ್ತಾಳ್ರಪ್ಪೋ."

ತಿಕ್ಕುವ ಕೈಗಳು ನಿಂತವು. ಬೀಡಿ ಸೇದುತ್ತಿದ್ದವ ಎದ್ದು ನಿಂತ. ಯಾರೂ ಒಂದು ಮಾತು ಆಡಲಿಲ್ಲ. ಡಂಗುರದವ ಮುಂದಿನ ಓಣಿಗೆ ಹೋದ, ಅಲ್ಲೂ ಅದನ್ನೇ ಹೇಳಿದ, ಅದರ ಮುಂದಿನ ಓಣಿಯಲ್ಲೂ ಹೇಳಿದ. ಸರ್ಕಾರ ಇಡೀ ಊರಿಗೆ ಹೇಳಿದ ಮಾತು ಯಾರಿಗೂ ನಾಟಿರಲಿಲ್ಲ, ಅವನು ತನ್ನ ಹೆಂಡತಿಯ ಬಗ್ಗೆ ಹೇಳಿದ ಒಂದು ಮಾತು ಎಲ್ಲರಿಗೂ ನಾಟಿತು. ಆ ಸಂಜೆ ಚಾವಡಿಯಲ್ಲಿ ಗೌಡರು ನಗಲಿಲ್ಲ.

ಮಾರನೆಯ ಮುಂಜಾನೆ ಅವನ ಹೆಂಡತಿ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಸೀರೆ ಉಟ್ಟು, ಹಿತ್ತಾಳೆಯದಲ್ಲ, ಮಣ್ಣಿನ ಕೊಡ ಹಿಡಿದು. ಬಾವಿಯ ಪಾವಟಿಗೆಗಳ ತುಂಬ, ಮೇಲಿನಿಂದ ನೀರಿನವರೆಗೆ, ಜಾಲಿಯ ಮುಳ್ಳುಕಂಟಿ ಒಟ್ಟಿದ್ದರು. ಯಾರು ಒಟ್ಟಿದರೋ, ಒಬ್ಬರೂ ಕಂಡಿರಲಿಲ್ಲ. ಊರ ಹೆಂಗಸರು ಆವತ್ತು ಗೌಡರ ತೋಟದ ಬಾವಿಯಿಂದ ನೀರು ತಂದರು. ಅವಳು ಬಿಸಿಲೇರುವವರೆಗೂ ಅಲ್ಲೇ ನಿಂತಿದ್ದಳು. ಯಾರೂ ಬೈಯಲಿಲ್ಲ, ಮುಟ್ಟಲಿಲ್ಲ, ಹತ್ತಿರ ಸುಳಿಯಲಿಲ್ಲ. ಚಾವಡಿಯ ಕಿಟಕಿಯಿಂದ ನನಗೆ ಅವಳ ಬೆನ್ನು ಕಾಣುತ್ತಿತ್ತು. ಕೊನೆಗೆ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಹೋದಳು. ಆಮೇಲೆ ಮೇಲಿಂದ ನೀರು ಸುರಿಯುವುದೂ ನಿಂತಿತು. ಇಡೀ ಕೇರಿ ಹಳ್ಳದ ಉಸುಕು ತೋಡಿ ಒರತೆಯ ನೀರು ಕುಡಿಯತೊಡಗಿತು.

ಊರವರಿಂದ ತಾಲೂಕಿಗೆ ಅರ್ಜಿ ಹೋಯಿತು. ಬಾವಿಯ ವಿಷಯ ಅದರಲ್ಲಿ ಇರಲೇ ಇಲ್ಲ. ಡಂಗುರದವನು ಸರ್ಕಾರದ ಮಾತಿಗೆ ತನ್ನ ಮಾತು ಬೆರೆಸಿ ಸಾರಿದ್ದಾನೆ, ಇದರಿಂದ ಊರಿನ ಶಾಂತಿಗೆ ಧಕ್ಕೆ ಬಂದಿದೆ, ಇಷ್ಟೇ ಇತ್ತು. ನಾಲ್ಕನೆಯ ದಿನ ವಿಚಾರಣೆಗೆ ಸಾಹೇಬರು ಬಂದರು. ಬೇರೆ ಪ್ರಾಂತದಿಂದ ನಮ್ಮ ಕಡೆಗೆ ಕಳಿಸಿದ ಅಧಿಕಾರಿ, ಕನ್ನಡ ಬಾರದು, ಹಿಂದೂಸ್ತಾನಿಯಲ್ಲಿ ಮಾತಾಡುತ್ತಿದ್ದರು. ಖಾದಿ ತೊಟ್ಟಿದ್ದರು. ಕೆಟ್ಟ ಮನುಷ್ಯ ಅಂತ ಹೇಳಲಾರೆ. ಚಹಾ ಕುಡಿಯುತ್ತ, ಬ್ರಿಟಿಷರ ಕಾಲದಲ್ಲಿ ಒಂದು ಭಾಷಣ ಮಾಡಿದ್ದಕ್ಕೆ ತಾವು ಆರು ತಿಂಗಳು ಜೈಲಿನಲ್ಲಿದ್ದದ್ದನ್ನು ನನಗೆ ಹೇಳಿದರು. ನಾನು ನನ್ನ ಎಲೆಯ ಪೆಂಡಿಯ ಕತೆ ಹೇಳಿದೆ. ಶಾಬಾಸ್ ಎಂದು ಬೆನ್ನು ತಟ್ಟಿದರು. ಆಮೇಲೆ ನನ್ನನ್ನೇ ದುಭಾಷಿಯಾಗಿ ಕೂರಿಸಿಕೊಂಡರು.

ಡಂಗುರದವನನ್ನು ಕಟ್ಟೆಯ ಕೆಳಗೆ ಬಿಸಿಲಿನಲ್ಲಿ ನಿಲ್ಲಿಸಿದ್ದರು. ಒಂದು ದಿನ ಠಾಣೆಯಲ್ಲಿ ಕೂತು ಬಂದಿದ್ದ, ಅಂಗಿ ಹೆಗಲಲ್ಲಿ ಹರಿದಿತ್ತು. ಈ ಹೆಚ್ಚಿನ ಮಾತು ಸೇರಿಸಲು ನಿನಗೆ ಯಾರು ಹೇಳಿದರು ಎಂದು ಸಾಹೇಬರು ಕೇಳಿದರು. ಆ ಪ್ರಶ್ನೆಯನ್ನು ಕನ್ನಡದಲ್ಲಿ ಅವನಿಗೆ ಕೇಳಬೇಕಾದವ ನಾನು. ಉತ್ತರವೂ ನಾನೇ. ಗೌಡರು ಒಂದು ಕಡೆ, ಕುಲಕರ್ಣಿ ಒಂದು ಕಡೆ. ಕೆಲಸ ಕಾಯಂ ಆಗುವುದಕ್ಕೆ ಗೌಡರ ಒಂದು ಮಾತು ಬೇಕಿತ್ತು, ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದ. ಇದೆಲ್ಲ ನೆಪ. ನನಗೆ ಹೆದರಿಕೆಯಾಯಿತು, ಅಷ್ಟೇ.

"ನಿನಗ್ಯಾರು ಹೇಳಿದ್ರು ಅಂತ ಸಾಹೇಬ್ರು ಕೇಳಾಕತ್ತಾರ," ಎಂದೆ.

ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಸಾಹೇಬರ ಮುಖವನ್ನೇ ನೋಡುತ್ತ, "ಯಾರೂ ಹೇಳಿಲ್ರಿ. ನನ್ನ ಮಾತು ನಂದು," ಎಂದ. ನಾನು ಅದನ್ನು ಚಾಚೂ ತಪ್ಪದೆ ಸಾಹೇಬರಿಗೆ ಹೇಳಿದೆ.

ಸಾಹೇಬರು ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದರು. ಮಾತಾಡುವ ಹಕ್ಕು ನಿನಗೂ ಇದೆ, ನನಗೂ ಇದೆ. ಆದರೆ ಅದಕ್ಕೊಂದು ಎಲ್ಲೆ ಇದೆ. ಶಾಂತಿ ಕೆಡಿಸುವ ಹಕ್ಕು ಯಾರಿಗೂ ಇಲ್ಲ. ನೀನು ಬಾಯಿ ಬಿಡುವವರೆಗೆ ಊರು ಶಾಂತವಾಗಿತ್ತು, ಬಿಟ್ಟ ಮೇಲೆ ಕೆಟ್ಟಿತು.

ನಾನು ತಿಳಿಸಿದೆ. ಅವನು ಹೇಳಿದ:

"ಖರೆ ಅದ್ರಿ. ನಾ ಒಂದ್ ಮಾತಾಡಿದೆ. ಕಂಟಿ ಒಟ್ಟಿದೋರು ಒಂದ್ ಮಾತೂ ಆಡಿಲ್ರಿ. ಅವರು ಶಾಂತಿಲೇ ಒಟ್ಟ್ಯಾರ."

ಗೌಡರ ಕೈಯಲ್ಲಿ ಅಡಕೊತ್ತು ನಿಂತಿತು. ಸಾಹೇಬರು ನನ್ನ ಕಡೆ ತಿರುಗಿ, ಏನಂದ ಎಂದು ಕೇಳಿದರು.

"ತಪ್ಪಾಯಿತು ಅಂತಾನೆ, ಹುಜೂರ್," ಎಂದೆ, ಅವರ ಭಾಷೆಯಲ್ಲಿ.

ನಿಜಾಮನ ಕಾಲದಲ್ಲಿ ಮೂವತ್ತು ವರ್ಷ ಚಾವಡಿಯ ಮುಂದೆ ನಿಂತವನಿಗೆ ಅಷ್ಟು ಉರ್ದು ಬಾರದೇ ಇರುತ್ತದೆಯೇ. ಆಗ ಅವನು ಮೊದಲ ಸಲ ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ. ಗುರುತು ಸಿಗದವರನ್ನು ನೋಡುವಂತೆ ನೋಡಿದ.

ಸಾಹೇಬರು ಮೆತ್ತಗಾದರು. ತಪ್ಪೊಪ್ಪಿಕೊಂಡ ಮೇಲೆ ಜೈಲು ಬೇಡ, ಒಂದು ವರ್ಷದ ಮುಚ್ಚಳಿಕೆ ಬರೆಸಿಕೊಂಡರೆ ಸಾಕು ಎಂದರು. ನನ್ನ ಸುಳ್ಳಿನಿಂದಲೇ ಅವನು ಜೈಲಿನಿಂದ ಉಳಿದ ಎಂದು ನಾನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅವನು ಜೈಲಿನಿಂದ ಉಳಿಯಬೇಕೆಂದು ನನ್ನನ್ನು ಕೇಳಿರಲಿಲ್ಲ.

ನನ್ನ ಕೈಬರಹ ಚೆಂದವಿದ್ದದ್ದರಿಂದ ನಾನೇ ಬರೆದೆ. ಇಂದಿನಿಂದ ಒಂದು ವರ್ಷದವರೆಗೆ ನಾಲ್ಕು ಜನ ಸೇರುವ ಯಾವ ಜಾಗದಲ್ಲೂ ಹಲಗಿ ಬಾರಿಸುವುದಿಲ್ಲ, ಗಟ್ಟಿಯಾಗಿ ಮಾತಾಡುವುದಿಲ್ಲ, ತಪ್ಪಿದರೆ ಸರ್ಕಾರ ವಿಧಿಸುವ ಶಿಕ್ಷೆಗೆ ಬದ್ಧನಿದ್ದೇನೆ. ಹೆಬ್ಬೆಟ್ಟು ಒತ್ತುವ ಮೊದಲು ಓದಿ ಹೇಳ್ರಿ ಎಂದ. ಓದಿದೆ. ಅವನು ಕಟ್ಟೆಯ ಕೆಳಗೆ ಕೈಕಟ್ಟಿ ನಿಂತು ಅದನ್ನು ಮೂರು ಸಲ ತಿರುಗಿ ಹೇಳಿ ಒಪ್ಪಿಸಿದ. ಒಂದು ಮಾತು ತಪ್ಪಲಿಲ್ಲ. ಸಾಹೇಬರಿಗೆ ಇದೇನೆಂದು ತಿಳಿಯಲಿಲ್ಲ, ಭಾರೀ ನೆನಪಿನ ಶಕ್ತಿ ಎಂದು ಮೆಚ್ಚಿಕೊಂಡರು. ಹಲಗಿಯನ್ನು ಚಾವಡಿಯ ಒಳಗೆ ಗೂಟಕ್ಕೆ ತೂಗುಹಾಕಿದರು.

ಆ ವರ್ಷ ಹುಕುಮುಗಳನ್ನು ಕಾಗದದ ಮೇಲೆ ಬರೆದು ಚಾವಡಿಯ ಗೋಡೆಗೆ ಅಂಟಿಸುತ್ತಿದ್ದೆ. ಓದಬಲ್ಲವರು ಊರಲ್ಲಿ ಹತ್ತೋ ಹನ್ನೆರಡೋ ಜನ. ಡಂಗುರದವ ಕೂಲಿಗೆ ಹೋಗುತ್ತಿದ್ದ. ರಾಶಿಯ ಕಾಲಕ್ಕೆ ಡಂಗುರಕ್ಕೆಂದು ಕೊಡುವ ಜೋಳ ಕೊಡಲಿಲ್ಲ. ಕಟ್ಟೆಯ ಮೇಲೆ ಕೂತ ಪಡ್ಡೆಗಳು ಅವನು ಹಾದುಹೋಗುವಾಗ "ಏನಪಾ, ಇವತ್ತೇನ್ ಸುದ್ದಿ? ಸ್ವಲ್ಪ ಜೋರ ಹೇಳು, ಕೇಳವಲ್ದು" ಎಂದು ಚಾಷ್ಟಿ ಮಾಡುತ್ತಿದ್ದರು. ಅವನು ತಲೆ ತಗ್ಗಿಸಿ ಹೋಗುವನು. ನಾನೂ ಎದುರಿಗೆ ಬಂದರೆ ಬೇರೆ ಓಣಿ ಹಿಡಿಯುತ್ತಿದ್ದೆ.

ಚಳಿಗಾಲದಲ್ಲಿ ಅವನ ಅಣ್ಣ ಸತ್ತ. ಮುಂಜಾನೆ ಚಾವಡಿಯ ಬಾಗಿಲು ತೆಗೆಯುವಷ್ಟರಲ್ಲಿ ಇವನು ಕಟ್ಟೆಯ ಕೆಳಗೆ ನಿಂತಿದ್ದ. ಕಣ್ಣು ಕೆಂಪಾಗಿದ್ದವು.

"ಅಣ್ಣ ಹೋಗ್ಯಾನ್ರಿ," ಎಂದ, ಪಿಸುಮಾತಿನಲ್ಲಿ. "ಮಂದಿ ಕೂಡ್ಯಾರ. ಹೆಣದ ಮುಂದ ಬೋರ್ಯಾಡಿ ಅಳಬಹುದೇನ್ರಿ?"

ನಾನು ಏನು ಹೇಳಿದೆ ಗೊತ್ತೇ. ಕಾಗದ ನೋಡಬೇಕು ಎಂದೆ. ಅಣ್ಣನ ಹೆಣ ಮನೆಯಲ್ಲಿಟ್ಟು ಬಂದವನಿಗೆ, ನನಗಿಂತ ಮೂವತ್ತು ವರ್ಷ ದೊಡ್ಡವನಿಗೆ, ಅವನೇ ನನ್ನ ಬಾಯಿಂದ ಕೇಳಿ ಬಾಯಿಪಾಠ ಮಾಡಿದ ಮುಚ್ಚಳಿಕೆಯನ್ನು ನೋಡಿ ಹೇಳುತ್ತೇನೆ ಎಂದೆ. ಕುಲಕರ್ಣಿ ಬರುವವರೆಗೂ ನಿಲ್ಲಿಸಿದೆ. ಕುಲಕರ್ಣಿ ಬಂದವರು, ಅಳುವುದಕ್ಕೇನು, ಮೆಲ್ಲಕ ಅಳಲಿ ಎಂದರು. ಕೇರಿಯವರು ಹೆಣ ಒಯ್ಯುವಾಗ ನಾನು ದೂರದಿಂದ ನೋಡಿದೆ. ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಇವನು ವಸ್ತ್ರದ ಚುಂಗನ್ನು ಬಾಯಿಗೆ ತುರುಕಿಕೊಂಡು ಹೆಗಲು ಕೊಟ್ಟಿದ್ದ.

ವರ್ಷ ಮುಗಿಯಿತು. ಅಷ್ಟರಲ್ಲಿ ದೇಶದ ಮೊದಲ ಚುನಾವಣೆ ಬಂತು. ಗೋಡೆಗೆ ಅಂಟಿಸಿದರೆ ಸಾಲದು, ಊರೂರಲ್ಲಿ ಡಂಗುರವೇ ಆಗಬೇಕೆಂದು ಮೇಲಿನಿಂದ ತಾಕೀತು ಬಂತು. ಗೌಡರು ಹಲಗಿ ಕೊಡಿಸಿದರು. ನನ್ನ ಕೆಲಸ ಆಗಲೇ ಕಾಯಂ ಆಗಿತ್ತು. ಬಾವಿಯ ಜಾಲಿಕಂಟಿಯನ್ನು ಊರವರೇ ಎಂದೋ ತೆಗೆದಿದ್ದರು. ಕೇರಿಯ ಹೆಂಗಸರು ಮತ್ತೆ ಹತ್ತು ಹೆಜ್ಜೆ ದೂರದಲ್ಲಿ ಕೊಡ ಇಟ್ಟು ನಿಲ್ಲುತ್ತಿದ್ದರು.

ಡಂಗುರದವ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಓದಿದೆ: ಇಪ್ಪತ್ತೊಂದು ತುಂಬಿದ ಗಂಡಸರು ಹೆಂಗಸರು ಎಲ್ಲರೂ, ಯಾವ ಜಾತಿಯವರೇ ಆಗಿರಲಿ, ಯಾರಿಗೂ ಅಂಜದೆ ಬಂದು ಮತ ಹಾಕತಕ್ಕದ್ದು. ಮೂರು ಸಲ ಒಪ್ಪಿಸಿದ. ದನಿ ಮೊದಲಿನಷ್ಟೇ ಸ್ವಚ್ಛವಾಗಿತ್ತು. ಗೌಡರು, ಕುಲಕರ್ಣಿ ಒಳಗೆ ಚಹಾ ಕುಡಿಯುತ್ತಿದ್ದರು. ಕಟ್ಟೆಯ ಮೇಲೆ ನಾನೊಬ್ಬನೇ ಇದ್ದೆ. ಕಟ್ಟೆ ಇಳಿದು ಅವನ ಹತ್ತಿರ ಹೋಗಿ, ಒಳಗೆ ಕೇಳಬಾರದೆಂದು ದನಿ ತಗ್ಗಿಸಿ ಹೇಳಿದೆ:

"ಕಾಕಾ, ಆವತ್ತು ನಿನಗ ಹೇಳು ಅಂದವ ನಾನು. ಸಾಹೇಬ್ರ ಮುಂದ ನಾ ಸುಳ್ಳ ಹೇಳ್ದೆ. ತಪ್ಪು ನಂದು."

ಅವನು ಹಲಗಿಯ ಪಟ್ಟಿ ಹೆಗಲಿಗೆ ಏರಿಸಿಕೊಳ್ಳುತ್ತ ಕೇಳಿಸಿಕೊಂಡ. ಮುಖದಲ್ಲಿ ಕುಚೋದ್ಯ ಇರಲಿಲ್ಲ. ಕಸುಬಿನವರು ಕೇಳುವಂತೆ ಕೇಳಿದ.

"ಇದನ್ನ ಯಾವ್ಯಾವ ಓಣ್ಯಾಗ ಸಾರ್ಬೇಕ್ರಿ?"

ನಾನು ಬಾಗಿಲ ಕಡೆ ನೋಡಿದೆ. ಒಳಗಿಂದ ಗೌಡರು ಕೆಮ್ಮಿದ್ದು ಕೇಳಿಸಿತು.

"ಇದು ಸಾರೋದಲ್ಲ ಕಾಕಾ," ಎಂದೆ. "ನಿನಗಷ್ಟೇ ಹೇಳಿದ್ದು."

"ಹಂಗಾದ್ರ ನಾ ಕೇಳಿಲ್ರಿ," ಎಂದು ಅಗಸಿಯ ಕಡೆ ನಡೆದ.